ಹಿಡಿ ಜೋಳ ತೆಗೆದಿಡುತ್ತಿದ್ದ ನಮ್ಮತ್ತೆ

"ಹಿರಿಯರಿಲ್ಲದ ಮನೆ ಮನೆಯಲ್ಲ, ಗುರುವಿಲ್ಲದ ಮಠ ಮಠವಲ್ಲ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ, ಕೇಳಿ ಸುಮ್ಮನಾಗಿದ್ದೇವೆ. ಹಿರಿಯರು ಇರುವಷ್ಟು ದಿನ ಅವರ ಔಷಧಿ, ಅವರ ಪಥ್ಯ, ಅವರ ಗೊಣಗಾಟ ಇವೇ ನಮ್ಮ ಕಣ್ಣಿಗೆ ಬೀಳುತ್ತವೆ. ಅವರು ನಡೆದು ಬಂದ ದಾರಿ ಎಷ್ಟು ದೂರದ್ದು ಎಂದು ತಿಳಿಯುವುದು ಅವರ ಮಂಚ ಖಾಲಿಯಾದ ಮೇಲೆಯೇ. ಸಹೋದರಿಯರೇ, 2024ರಲ್ಲಿ ತೀರಿಕೊಂಡ ನಮ್ಮ ಅತ್ತೆಯವರ ವಿಷಯವಾಗಿ ನಾಲ್ಕು ಮಾತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ. ಅವರು ದೊಡ್ಡ ಹೆಸರು ಮಾಡಿದವರಲ್ಲ. ಅಡುಗೆಮನೆ, ಹೊಲ, ದೇವಾಲಯ ಈ ಮೂರರಲ್ಲೇ ಬಾಳಿದವರು.

ಅವರ ವಯಸ್ಸು ಎಷ್ಟೆಂದು ಕೇಳಿದರೆ "ತೊಂಬತ್ತರ ಹತ್ರ ಇರಬೇಕು" ಎನ್ನುತ್ತಿದ್ದರು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಕೂಲಿಕಾರರ ಮನೆಯಲ್ಲಿ ಹುಟ್ಟಿದ ಹೆಣ್ಣು ಕೂಸಿನ ಜನನ ತಾರೀಖು ಬರೆದಿಡುವವರು ಯಾರು? ಊರ ಸುದ್ದಿಯೇ ಅವರಿಗೆ ಕ್ಯಾಲೆಂಡರು. "ರಜಾಕಾರರ ಗಲಾಟಿ ಆದಾಗ ನಾ ಎಮ್ಮಿ ಕಾಯೋ ಹುಡುಗಿ" ಎಂದರೆ ಅದು 1948. ಆ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. "ರಾಯಚೂರು ಮೈಸೂರಿಗೆ ಸೇರಿದ ಮ್ಯಾಲೆ ಹಿರಿಯಾವ ಹುಟ್ಟಿದ" ಎಂದರೆ 1956ರ ನವೆಂಬರ್ 1ರ ನಂತರ ಎಂದು ನಾವು ಲೆಕ್ಕ ಹಾಕಬೇಕು.

ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಿಜಾಮರ ಕಾಲದ ಶಾಲೆಗಳಲ್ಲಿ ಉರ್ದುವಿಗೇ ಮಾನ, ಅದೂ ಗಂಡುಮಕ್ಕಳಿಗೆ. ಮದುವೆಯಾಗಿ ಮಾನ್ವಿ ತಾಲ್ಲೂಕಿಗೆ ಬಂದ ಮೇಲೆ, ಮೆಥಡಿಸ್ಟ್ ಸಭೆಯ ಹೆಂಗಸರ ಕೂಟದಲ್ಲಿ, ಮಡಿಲಲ್ಲಿ ಕೂಸು ಹಾಕಿಕೊಂಡೇ ಕನ್ನಡ ಅಕ್ಷರ ಕಲಿತರು. ಅವರ ಮೊದಲ ಪಠ್ಯಪುಸ್ತಕವೂ ಸತ್ಯವೇದ, ಕಡೆಯದೂ ಅದೇ. ಸತ್ಯವೇದವನ್ನು ಕನ್ನಡಕ್ಕೆ ತರಲು ದುಡಿದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಗಳು 19ನೇ ಶತಮಾನದ ಮೊದಲ ಭಾಗದಲ್ಲಿ ಇದ್ದದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿಯೇ. ಇದನ್ನು ಯಾರೋ ಹೇಳಿದಾಗ ಅತ್ತೆ, "ಹಂಗಾದ್ರ ನಮ್ಮ ಕಡೀದ ಪುಸ್ತಕನ ಬಿಡು" ಎಂದು ನಕ್ಕಿದ್ದರು.

ಅವರಿಂದ ನಾನು ಕಲಿತದ್ದರಲ್ಲಿ ಹಿರಿದು ಹಿಡಿ ಜೋಳದ ಪದ್ಧತಿ. ಬೀಸಲು ಜೋಳ ತೆಗೆಯುವಾಗ ಮೊದಲು ಒಂದು ಹಿಡಿ ಮೂಲೆಯ ಗಡಿಗೆಗೆ ಬೀಳಲೇಬೇಕು. ಗಡಿಗೆ ತುಂಬಿದರೆ ದೇವಾಲಯಕ್ಕೆ ಕಾಣಿಕೆ, ಇಲ್ಲವೇ ಬಾಣಂತಿಯ ಮನೆಗೆ, ಗಂಡ ಕಳೆದುಕೊಂಡವರ ಮನೆಗೆ. ಜಾತಿ, ಮತ ಕೇಳುತ್ತಿರಲಿಲ್ಲ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು ಮಾನ್ವಿ. ಆ ಸೀಮೆಯಲ್ಲಿ ಪಕ್ಕದ ಮನೆಯಲ್ಲಿ ದಾಸರ ಪದ, ನಮ್ಮ ಮನೆಯಲ್ಲಿ ಕೀರ್ತನೆ. ಮಧ್ಯದ ಗೋಡೆ ಯಾರಿಗೂ ತೊಂದರೆ ಕೊಡಲಿಲ್ಲ.

1972ರ ಬರ ಈ ಪದ್ಧತಿಯನ್ನೇ ಪರೀಕ್ಷಿಸಿತು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ತಾಲ್ಲೂಕಿನ ಎಲ್ಲ ಹೊಲವನ್ನೂ ಮುಟ್ಟಿಲ್ಲ. ನಮ್ಮವರದು ಒಣಭೂಮಿ. ಮಳೆ ಬರಲಿಲ್ಲ, ಬಿತ್ತಿದ್ದು ಏಳಲಿಲ್ಲ. ಊರಿನ ಅರ್ಧ ಮನೆಗಳಿಗೆ ಬೀಗ ಬಿತ್ತು. ಜನ ಗುಳೆ ಹೊರಟರು. ಮಾವನವರೂ ಗಂಟು ಕಟ್ಟಿದರು. ನನ್ನವರು ಆಗಿನ್ನೂ ಹುಟ್ಟಿರಲಿಲ್ಲ. ಹಿರಿಯ ಮಗ ಏಳನೇ ಇಯತ್ತೆ. ಎಲ್ಲರೂ ಹೊರಟರೆ ಅವನ ಶಾಲೆ ಅಲ್ಲಿಗೆ ಮುಗಿದಂತೆಯೇ. ಅತ್ತೆ ಒಂದೇ ಮಾತು ಹೇಳಿದರಂತೆ: "ನೀವು ಹೋಗಿ ಬರ್ರಿ. ಹುಡುಗರು ಸಾಲಿ ಬಿಡಾದು ಬ್ಯಾಡ, ನಾ ಇಲ್ಲೇ ಇರ್ತೀನಿ."

ಇದ್ದರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ನಾಲ್ಕು ಮಕ್ಕಳನ್ನು ಸಾಕಿದರು. ಒಂದು ಹೊತ್ತು ಅಂಬಲಿ, ಒಂದು ಹೊತ್ತು ರೊಟ್ಟಿ. ಆಗಲೂ ಗಡಿಗೆಗೆ ಜೋಳ ಬೀಳುತ್ತಿತ್ತು ಎಂದರೆ ನಂಬುವಿರಾ? "ಮನ್ಯಾಗ ಮಕ್ಕಳಿಗೇ ಸಾಲದು, ಇದೇನು ಹುಚ್ಚು?" ಎಂದು ಓರಗಿತ್ತಿ ಬೈದರೆ, "ಹಿಡಿ ಸಣ್ಣದಾದ್ರ ಆಗ್ಲಿ, ಕೈ ನಿಂದ್ರಬಾರ್ದು" ಎಂದರಂತೆ. ಹಿರಿಯ ಮಗ ಮುಂದೆ ಶಾಲಾ ಮಾಸ್ತರನಾದ. 2009ರಲ್ಲಿ ಕೃಷ್ಣಾ, ತುಂಗಭದ್ರೆ ಎರಡೂ ಉಕ್ಕಿ ನಮ್ಮ ಜಿಲ್ಲೆಯ ಊರುಗಳು ಮುಳುಗಿದಾಗ, ಅದೇ ಗಡಿಗೆ ಬರಿದು ಮಾಡಿ ಸಂತ್ರಸ್ತರಿಗೆ ಕಳಿಸಿದರು. ಆಗ ಅವರು ರಾಯಚೂರಿನಲ್ಲಿ ನಮ್ಮೊಂದಿಗೇ ಇದ್ದರು.

ಅತ್ತೆ ದೇವತೆಯಾಗಿದ್ದರೆಂದು ಹೇಳಲಾರೆ! ಮಾತು ಬಿರುಸು. ಸಾರಿಗೆ ಉಪ್ಪು ಹೆಚ್ಚಾದರೆ ಸಂಜೆಯವರೆಗೂ ಮುಖ ಗಂಟು. ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಆದರೆ ನನಗೆ ಎರಡನೆಯದೂ ಹೆಣ್ಣಾದಾಗ, ಬಂಧುಗಳು ತೊಟ್ಟಿಲ ಸುತ್ತ ನಿಂತು ಲೊಚಗುಟ್ಟುತ್ತಿದ್ದರೆ, ಅವರು ಕೂಸನ್ನು ಎತ್ತಿಕೊಂಡು, "ದೇವ್ರು ಕೊಟ್ಟದ್ದನ್ನ ತಕ್ಕಡ್ಯಾಗ ಹಾಕಬ್ಯಾಡ್ರಿ" ಎಂದರು. ದೀಕ್ಷಾಸ್ನಾನದ ದಿನ ಬಿಳಿ ಸೀರೆಯುಟ್ಟು ತಾವೇ ಕೂಸನ್ನು ದೇವಾಲಯಕ್ಕೆ ಹೊತ್ತು ನಡೆದರು. ಅಂದಿನಿಂದ ಅವರ ಬಿರುಸು ಮಾತು ನನಗೆ ಚುಚ್ಚಲಿಲ್ಲ. ಆ ಕೂಸು ಈಗ ನರ್ಸಿಂಗ್ ಓದುತ್ತಿದೆ. ಕಡೆಯ ತಿಂಗಳುಗಳಲ್ಲಿ ಅಜ್ಜಿಯ ಬೆನ್ನಿಗೆ ಹುಣ್ಣಾಗದಂತೆ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದವಳು ಅವಳೇ.

ಭಾನುವಾರದ ಆರಾಧನೆ ಅವರು ತಪ್ಪಿಸಿದವರಲ್ಲ. ರಾಯಚೂರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ತಲೆಗೆ ಸೆರಗು ಹೊದ್ದು ಹೊರಟೇಬಿಡುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ, ಏಪ್ರಿಲ್ 12ರ ಈಸ್ಟರಿಗೂ ದೇವಾಲಯದ ಬಾಗಿಲು ತೆರೆಯಲಿಲ್ಲ. ಅವರು ಎಂದಿನಂತೆ ಸ್ನಾನ ಮಾಡಿ, ಬಿಳಿ ಸೀರೆಯುಟ್ಟು ಪಡಸಾಲೆಯಲ್ಲಿ ಕುಳಿತು, "ಎಲ್ಲಾರೂ ಬರ್ರಿ" ಎಂದು ಕರೆದು ಕೀರ್ತನೆ ಎತ್ತಿದರು. ಕಾಣಿಕೆಯ ಬಟ್ಟಲನ್ನೂ ಮರೆಯಲಿಲ್ಲ!

ಅವರ ಕೈಯ ಪುಂಡಿಪಲ್ಯವನ್ನು ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಎರಡು ಸಿವುಡು ಪುಂಡಿಸೊಪ್ಪನ್ನು ಬೇಯಿಸಿ, ಹುಳಿ ಹೆಚ್ಚಿದ್ದರೆ ಮೊದಲ ನೀರು ಚೆಲ್ಲಿ. ಅರ್ಧ ಬಟ್ಟಲು ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಎಂಟು ಹಸಿಮೆಣಸಿನಕಾಯಿ ಬೇರೆ ಪಾತ್ರೆಯಲ್ಲಿ ಮೆತ್ತಗೆ ಬೇಯಲಿ. ಎಲ್ಲ ಕೂಡಿಸಿ, ಉಪ್ಪು ಹಾಕಿ ಚೆನ್ನಾಗಿ ಮಸೆದು, ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಬೇರೆ ಜೊತೆ ಬೇಡ.

ಕಡೆಗೊಂದು ಮಾತು. ಅತ್ತೆ ಹೋದ ಮೇಲೆ ಮಕ್ಕಳು ಕೂತು ಅವರ ಜೀವನ ಬರೆಯಹೋದರೆ, ತವರಿನ ಅಜ್ಜಿಯ ಹೆಸರು ಯಾರಿಗೂ ಗೊತ್ತಿಲ್ಲ! ಬರದ ವರ್ಷ ದಿನಕ್ಕೆ ಎಷ್ಟು ಕೂಲಿ ಬರುತ್ತಿತ್ತೆಂದು ಹೇಳುವವರೂ ಉಳಿದಿಲ್ಲ. ನಿಮ್ಮ ಮನೆಯಲ್ಲಿ ಅತ್ತೆಯೋ ತಾಯಿಯೋ ಇದ್ದರೆ, ಸೊಪ್ಪು ಸೋಸುವಾಗ ಪಕ್ಕದಲ್ಲಿ ಕೂತು ಕೇಳಿ. ತಾರೀಖು ಕೇಳಬೇಡಿ, "ಆ ವರ್ಷ ಊರಾಗ ಏನಾಗಿತ್ತು?" ಎಂದು ಕೇಳಿ. ಮಕ್ಕಳ ಹಳೇ ನೋಟುಬುಕ್ಕಿನಲ್ಲಿ ಬರೆದು, ರೇಷನ್ ಕಾರ್ಡಿನ ಜೊತೆಗೇ ಇಡಿ. ನಮ್ಮ ಮನೆಯಲ್ಲಿ ಈಗ ಗಡಿಗೆಯ ಬದಲು ಸ್ಟೀಲ್ ಡಬ್ಬಿ, ಜೋಳದ ಜೊತೆಗೆ ಅಕ್ಕಿಯೂ ಬೀಳುತ್ತದೆ. ಹಿಡಿ ಹಾಕುವ ಪಾಳಿ ನನ್ನ ಇಬ್ಬರು ಹೆಣ್ಣುಮಕ್ಕಳದು.