ಒಲೆಯ ಮುಂದಿನ ಲೆಕ್ಕ

ಅಡಿಗೆಮನೆಯ ಖರ್ಚನ್ನು ಮಿತಗೊಳಿಸುವ ಬಗೆಯನ್ನು ಕುರಿತು 15 ನಿಮಿಷ ಮಾತನಾಡಬೇಕೆಂದು ಬಾನುಲಿಯವರು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಈ ವಿಷಯದಲ್ಲಿ ಉಪದೇಶ ಮಾಡುವವರಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ. ಉಪದೇಶವನ್ನು ಕೇಳಬೇಕಾದವರು ಮಾತ್ರ ಯಾವಾಗಲೂ ಹೆಂಗಸರು. ಆದರೂ ಒಪ್ಪಿಕೊಂಡೆ. ಈ ವಿದ್ಯೆಯಲ್ಲಿ ನಾನು ಪ್ರವೀಣೆಯೆಂದಲ್ಲ. ಒಮ್ಮೆ ಇದರಲ್ಲಿ ದೊಡ್ಡ ತಪ್ಪು ಮಾಡಿದವಳು, ಆ ತಪ್ಪಿನಿಂದ ಒಂದೆರಡು ಸಂಗತಿಗಳನ್ನು ಕಲಿತವಳು ಎಂಬ ಕಾರಣಕ್ಕಾಗಿ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಪೇಟೆಯಲ್ಲಿ. ಬೇಕಾದುದನ್ನು ಬೇಕಾದಾಗ ಅಂಗಡಿಯಿಂದ ತರುವುದು ಅಲ್ಲಿಯ ರೂಢಿ. 1984ರಲ್ಲಿ ಮದುವೆಯಾಗಿ ಜಗಳೂರಿಗೆ ಬಂದಾಗ, ಈ ತಾಲ್ಲೂಕು ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಮಳೆ ಕಡಿಮೆಯಾದ ಸೀಮೆ. ಯಜಮಾನರು ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತರು. ಜೊತೆಗೆ ನಾಲ್ಕು ಎಕರೆ ಖುಷ್ಕಿ ಜಮೀನು. ಮನೆಯೊಳಗೆ ಕಾಲಿಟ್ಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಡುಮನೆಯ ಗೋಡೆಗೆ ಸಾಲಾಗಿ ನಿಂತಿದ್ದ ಗುಡಾಣಗಳು. ಒಂದರಲ್ಲಿ ಜೋಳ, ಒಂದರಲ್ಲಿ ರಾಗಿ, ಒಂದರಲ್ಲಿ ನವಣೆ, ಸಣ್ಣದೊಂದರಲ್ಲಿ ಹುರುಳಿ. ಹಿತ್ತಿಲಿನಲ್ಲಿ ಹಿಂದಿನವರ ಕಾಲದ ಹಗೇವೂ ಒಂದಿತ್ತು. ಅದನ್ನು ತೆರೆದ ಕೂಡಲೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

ನಮ್ಮ ಅತ್ತೆಯವರಿಗೆ ಅಕ್ಷರ ಬಾರದು. ಆದರೆ ಅವರ ಬಳಿ ಒಂದು ಹಿತ್ತಾಳೆಯ ಪಾವು ಇತ್ತು. ಆ ಪಾವಿನಿಂದ ಅಳೆಯದೆ ಒಂದು ಕಾಳೂ ಒಲೆಯ ಮೇಲಕ್ಕೆ ಹೋಗುತ್ತಿರಲಿಲ್ಲ. ನಾನು ಕೈಯಂದಾಜಿನಿಂದ ಅಕ್ಕಿ ಸುರಿಯಹೋದಾಗ, "ಅಳತಿ ಮಾಡಿ ಹಾಕವ್ವಾ, ಕಣ್ಣು ನಂಬಬ್ಯಾಡ. ಹಸಿದಾಗ ಕಣ್ಣು ದೊಡ್ಡದಾಗತೈತಿ" ಎಂದಿದ್ದರು. ಅಳೆದ ಮೇಲೆ ಅದರಿಂದ ಒಂದು ಹಿಡಿಯನ್ನು ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದರು. ದಿನಕ್ಕೆ ಎರಡು ಹಿಡಿ. ತಿಂಗಳ ಕೊನೆಯಲ್ಲಿ ನೋಡಿದರೆ ಅದು ನಾಲ್ಕಾರು ದಿನದ ಊಟ. ಬಂದ ನೆಂಟರಿಗೂ ಬಾಗಿಲಿಗೆ ಬಂದವರಿಗೂ ಆ ಗಡಿಗೆಯೇ ಆಧಾರ.

ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಶ್ರೀರಾಮನ ಸಭೆಯಲ್ಲಿ ವ್ಯಾಜ್ಯ ಹೂಡಿಸಿದ್ದಾರಷ್ಟೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗಿ, ಭತ್ತ ಕಳೆಗುಂದುತ್ತದೆ, ರಾಗಿ ಹಾಗೆಯೇ ಉಳಿಯುತ್ತದೆ. ಸಾಹಿತ್ಯ ವಿಮರ್ಶಕರು ಇದರಲ್ಲಿ ಕುಲದ ಪ್ರಶ್ನೆಯನ್ನು ಕಾಣುತ್ತಾರೆ; ಅದು ಸರಿಯೇ. ಆದರೆ ಬರದ ಸೀಮೆಯ ಗೃಹಿಣಿ ಅದನ್ನು ಓದಿದರೆ ಅವಳಿಗೆ ತನ್ನ ಗುಡಾಣಗಳೇ ನೆನಪಾಗುತ್ತವೆ. ಹುಳು ಹತ್ತದೆ ವರ್ಷಗಟ್ಟಲೆ ನಿಲ್ಲುವ ಧಾನ್ಯವೇ ಅವಳ ಪಾಲಿನ ಬ್ಯಾಂಕು.

1990ರ ಅನಂತರ ನಮ್ಮ ಕಡೆಯ ಹೊಲಗಳಿಗೆ ಮೆಕ್ಕೆಜೋಳ ಬಂತು. ಅದನ್ನು ನಾನು ಹಳಿಯುವುದಿಲ್ಲ. ನಮ್ಮ ಮಕ್ಕಳ ಶಾಲೆಯ ಫೀಸು ಆ ಹಣದಿಂದಲೇ ಸಂದಾಯವಾಗಿದೆ. ಆದರೆ ಮೆಕ್ಕೆಜೋಳ ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುವ ಬೆಳೆ. ಹೊಲಕ್ಕೂ ಒಲೆಗೂ ಇದ್ದ ನೇರ ದಾರಿ ಅಲ್ಲಿಗೆ ತಪ್ಪಿತು. ಗುಡಾಣಗಳು ಒಂದೊಂದಾಗಿ ಬರಿದಾಗಿ ಕೊನೆಗೆ ಹಳೆಯ ಬಟ್ಟೆ ತುಂಬುವ ಪಾತ್ರೆಗಳಾದವು. ಊಟವೆಲ್ಲ ಕಿರಾಣಿ ಅಂಗಡಿಯಿಂದ, ಅದೂ ಉದ್ದರಿಯಾಗಿ, ಬರತೊಡಗಿತು. ಪಾವಿನ ಲೆಕ್ಕ ಸಾಲದೆ ರೂಪಾಯಿಯ ಲೆಕ್ಕ ಬೇಕಾಯಿತು. ಆ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರೂ ಇಡುತ್ತಿರಲಿಲ್ಲ, ಅಂಗಡಿಯವರು ಇಡುತ್ತಿದ್ದರು.

2001ರಿಂದ ಮೂರು ವರ್ಷ ರಾಜ್ಯವನ್ನು ಒಂದೇ ಸಮನೆ ಕಾಡಿದ ಬರವನ್ನು ಬಲ್ಲವರು ಬಲ್ಲರು. 2003ರ ದೀಪಾವಳಿಯ ಹೊತ್ತಿಗೆ ಅಂಗಡಿಯ ಖಾತೆಯಲ್ಲಿ ನಮ್ಮ ಹೆಸರಿನ ಮುಂದೆ 6,400 ರೂಪಾಯಿ ನಿಂತಿತ್ತು. ಅಂದು ರಾತ್ರಿ ಮಗನ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ಲೆಕ್ಕ ಬರೆಯಲು ಕುಳಿತೆ. ಐದು ಜನರ ಸಂಸಾರ. ಎಲ್ಲಿ ಕಡಿತ ಮಾಡುವುದೆಂದು ನೋಡಿದೆ. ದೊಡ್ಡ ಅಂಕಿಗಳಾಗಿ ಕಂಡವು ಹಾಲು, ತೊಗರಿಬೇಳೆ, ಎಣ್ಣೆ. ಹಾಲನ್ನು ಅರ್ಧ ಮಾಡಿದೆ. ಬೇಳೆಯನ್ನು ಮೂರು ಕಿಲೋದಿಂದ ಒಂದಕ್ಕೆ ಇಳಿಸಿದೆ. ಸಾರು ತಿಳಿಯಾಯಿತು, ಯಜಮಾನರಿಗೂ ಮಕ್ಕಳಿಗೂ ಅತ್ತೆಯವರಿಗೂ ತಳದ ಗಟ್ಟಿಯನ್ನು ಬಡಿಸಿ, ಮೇಲಿನ ತಿಳಿಯನ್ನು ನಾನು ಇಟ್ಟುಕೊಂಡೆ. ಹಸಿವಾದಾಗ ಒಂದು ಲೋಟ ಚಹಾ ಕುಡಿಯುತ್ತಿದ್ದೆ. ನಾಲ್ಕು ತಿಂಗಳಲ್ಲಿ ಸಾಲದ ಅರ್ಧ ಭಾಗ ತೀರಿತು. ನನ್ನ ಹೆಮ್ಮೆ ಹೇಳತೀರದು. ಐದನೆಯ ತಿಂಗಳು ಬೀದಿಯ ನಲ್ಲಿಯ ಬಳಿ ಕೊಡ ಎತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರು. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗೆ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ, ನನ್ನಲ್ಲಿದ್ದದ್ದು 7.8. ಅಲ್ಲಿಯ ಡಾಕ್ಟರಮ್ಮ ಮಾತ್ರೆ ಬರೆದುಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು?" ಊಟದ ಜೊತೆಗೆ ಚಹಾ ಕುಡಿದರೆ ಆಹಾರದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲವೆಂದೂ ಅಂದೇ ನನಗೆ ತಿಳಿದದ್ದು. ನಾನು ಉಳಿಸಿದ ಹಣದಲ್ಲಿ ಒಂದು ಪಾಲು ಔಷಧಿಗೆ ಹೋಯಿತು. ನನ್ನ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಎಲ್ಲಿಯೂ ಇರಲಿಲ್ಲ. ಯಾರ ತಟ್ಟೆಯಿಂದ ಕಳೆದೆ ಎಂಬ ಅಂಕಣವೇ ಅದರಲ್ಲಿ ಇರಲಿಲ್ಲ.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇದಕ್ಕೆ ಕಾರಣಗಳು ಹಲವು. ಮನೆಯ ಮಿತವ್ಯಯದ ಭಾರವನ್ನು ಸದ್ದಿಲ್ಲದೆ ಹೊರುವ ತಟ್ಟೆ ಯಾರದು ಎಂಬುದೂ ಅವುಗಳಲ್ಲೊಂದು ಎಂದು ನನ್ನ ಅನುಭವ ಹೇಳುತ್ತದೆ.

ಅನಂತರ ನಾನು ಲೆಕ್ಕದ ಪುಸ್ತಕವನ್ನು ಬೇರೆ ರೀತಿ ಬರೆದೆ. ಖರ್ಚನ್ನು ಮೂರು ಭಾಗ ಮಾಡಿದೆ. ಮೊದಲನೆಯದು ಹೊಟ್ಟೆ ತುಂಬಿಸುವ ಧಾನ್ಯ. ಎರಡನೆಯದು ಮೈಗೆ ಹತ್ತುವ ಬೇಳೆಕಾಳು, ಸೊಪ್ಪು, ಹಾಲು, ಮೊಟ್ಟೆ, ಶೇಂಗಾ. ಮೂರನೆಯದಕ್ಕೆ "ಬಾಯಿಚಪಲ" ಎಂದು ಹೆಸರಿಟ್ಟೆ: ಮಕ್ಕಳ ಪೊಟ್ಟಣದ ತಿಂಡಿ, ಬಿಸ್ಕತ್ತು, ಬೀದಿ ಅಂಗಡಿಯ ಬಜ್ಜಿ, ಯಜಮಾನರ ಹೋಟೆಲಿನ ಚಹಾ. ಇವು ಅಂಗಡಿಯ ಖಾತೆಯಲ್ಲಿ ಕಾಣುತ್ತಿರಲಿಲ್ಲ. ಜೇಬಿನ ಚಿಲ್ಲರೆಯಿಂದಲೇ ಹೋಗುತ್ತಿದ್ದವು. ಒಂದು ತಿಂಗಳು ಪ್ರತಿ ರಾತ್ರಿ ಎಲ್ಲರನ್ನೂ ಕೇಳಿ ಬರೆದುಕೊಂಡೆ. ನಾನು ಕತ್ತರಿಸಿದ್ದ ಬೇಳೆಯ ಬೆಲೆಗಿಂತ ಈ ಚಿಲ್ಲರೆಯ ಮೊತ್ತ ಹೆಚ್ಚಾಗಿತ್ತು! ಮಂಡಕ್ಕಿ, ಮೆಣಸಿನಕಾಯಿಯನ್ನು ನಾನು ನಿಂದಿಸಲಾರೆ; ದಾವಣಗೆರೆಯಲ್ಲಿ ಹುಟ್ಟಿದವರಿಗೆ ಅದು ಸಾಧ್ಯವೂ ಅಲ್ಲ. ಆದರೆ ಮಂಡಕ್ಕಿಯನ್ನು ಸೇರಿನಲ್ಲಿ ತಂದು, ಮನೆಯ ಈರುಳ್ಳಿ, ಹುರಿದ ಶೇಂಗಾ, ಚೂರು ಹುಣಸೆಹುಳಿ ಹಾಕಿ ಕಲಸಿದರೆ ಐವರಿಗೆ ಆಗುವ ಖರ್ಚು, ಅಂಗಡಿಯಲ್ಲಿ ಇಬ್ಬರಿಗೆ ಆಗುತ್ತದೆ.

ಈಗಿನ ಲೆಕ್ಕವನ್ನೇ ನೋಡಿ. ದಿನಕ್ಕೆ 10 ರೂಪಾಯಿಯ ಎರಡು ಪೊಟ್ಟಣವೆಂದರೆ ತಿಂಗಳಿಗೆ 600, ವರ್ಷಕ್ಕೆ 7,300 ರೂಪಾಯಿ. ತೊಗರಿಬೇಳೆ ಕಿಲೋಗೆ 150 ರೂಪಾಯಿ ಎಂದು ಹಿಡಿದರೂ ಅದು 48 ಕಿಲೋ ಬೇಳೆಯ ಬೆಲೆ.

1857ರಲ್ಲಿ ಎರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞನು ಬೆಲ್ಜಿಯಂ ದೇಶದ ಕೂಲಿಕಾರ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಪರಿಶೀಲಿಸಿ, ಸಂಸಾರ ಬಡವಾದಷ್ಟೂ ಅದರ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚು ಎಂದು ತೋರಿಸಿದ. ನಮ್ಮ ದೇಶದ ಹಳ್ಳಿಗಳಲ್ಲಿ ಈ ಪಾಲು 2011-12ರಲ್ಲಿ ಶೇಕಡಾ 53ರಷ್ಟಿದ್ದುದು 2022-23ರ ಸಮೀಕ್ಷೆಯಲ್ಲಿ ಶೇಕಡಾ 46ಕ್ಕೆ ಇಳಿಯಿತು. ಸಂತೋಷದ ಸಂಗತಿ. ಆದರೆ ಅದರ ಒಳಗೆ ನೋಡಿದರೆ, ಧಾನ್ಯದ ಪಾಲು ಸುಮಾರು 11ರಿಂದ 5ಕ್ಕೆ ಇಳಿದಿದೆ. ಪಾನೀಯ ಮತ್ತು ಸಿದ್ಧ ತಿನಿಸುಗಳ ಪಾಲು ಸುಮಾರು 8ರಿಂದ 10ರ ಹತ್ತಿರಕ್ಕೆ ಏರಿದೆ. ನಾನು ಬಾಯಿಚಪಲವೆಂದು ಕರೆದದ್ದು ಇಡೀ ದೇಶದ ಲೆಕ್ಕದಲ್ಲಿ ಧಾನ್ಯವನ್ನು ಹಿಂದೆ ಹಾಕಿದೆ.

ಧಾನ್ಯದ ಖರ್ಚು ತಗ್ಗಲು ಪಡಿತರವೂ ಒಂದು ಕಾರಣ. ನಮ್ಮ ರಾಜ್ಯದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ ಆರಂಭವಾಯಿತು. 2023ರ ಜನವರಿಯಿಂದ ಆಹಾರ ಭದ್ರತಾ ಕಾಯಿದೆಯ ತಲಾ 5 ಕಿಲೋ ಧಾನ್ಯಕ್ಕೆ ಬೆಲೆಯೇ ಇಲ್ಲವಾಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ, ಅಕ್ಕಿಯಿಲ್ಲದೆ ಒಲೆ ಹಚ್ಚದ ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ. 2003ನ್ನು ಕಂಡವಳಿಗೆ ಇದು ಸಣ್ಣ ಮಾತಲ್ಲ. ಆದರೆ ಅಕ್ಕಿ ಸುಲಭವಾದಷ್ಟೂ ಊಟವೆಂದರೆ ಅನ್ನವೊಂದೇ ಎಂಬಂತಾಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕು ಸುಣ್ಣದ ಅಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದು ಹೆಸರಿಗೆ ಮಾತ್ರ. ಅಕ್ಕಿಯಿಂದ ಉಳಿದ ಹಣ ಎರಡನೆಯ ಭಾಗಕ್ಕೆ, ಅಂದರೆ ಕಾಳು ಸೊಪ್ಪುಗಳಿಗೆ, ಹೋದರೆ ಮಾತ್ರ ಅದು ನಿಜವಾದ ಉಳಿತಾಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ದಿನಕ್ಕೆ ತಲಾ 85 ಗ್ರಾಂ ಬೇಳೆಕಾಳು ಹೇಳಿದೆ. ನಾಲ್ಕು ಜನ ದೊಡ್ಡವರಿರುವ ಮನೆಗೆ ಅದು ತಿಂಗಳಿಗೆ 10 ಕಿಲೋ ಆಗುತ್ತದೆ. ಎಷ್ಟು ಮನೆಗಳಲ್ಲಿ ಅಷ್ಟು ಬೇಯುತ್ತದೆ? ಎಲ್ಲವೂ ತೊಗರಿಯೇ ಆಗಬೇಕೆಂದರೆ ಅದು ಆಗದ ಮಾತು. ಹುರುಳಿ, ಅಲಸಂದೆ, ಹೆಸರು, ಕಡಲೆಗಳನ್ನು ಸರದಿಯ ಮೇಲೆ ತಂದರೆ ನಡೆಯುತ್ತದೆ.

ಇಲ್ಲಿ ನಮ್ಮ ಬಸ್ಸಾರಿನ ಜಾಣತನವನ್ನು ಹೇಳದೆ ಮುಂದೆ ಹೋಗಲಾರೆ. ಹಿಂದಿನ ರಾತ್ರಿ ನೆನೆಯಿಟ್ಟ ಕಾಳನ್ನು ಮೊದಲು ಬೇಯಿಸಿ, ಅದು ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಆಮೇಲೆ ಕಟ್ಟನ್ನು ಬಸಿದುಕೊಳ್ಳುತ್ತೇವೆ. ಒಂದು ಹಿಡಿ ಕಾಳನ್ನು ಈರುಳ್ಳಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹುಳಿಯೊಡನೆ ರುಬ್ಬಿ ಕಟ್ಟಿಗೆ ಸೇರಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಅಡಿಗೆ. ಬೇಯಿಸಿದ ನೀರಿನ ಸಾರವೂ ಚರಂಡಿಗೆ ಹೋಗುವುದಿಲ್ಲ. ನೆನೆದ ಕಾಳು ಬೇಗ ಬೇಯುವುದರಿಂದ ಸಿಲಿಂಡರೂ ನಾಲ್ಕು ದಿನ ಹೆಚ್ಚು ಬರುತ್ತದೆ. ಹುಳಿಯ ಜೊತೆಗೂಡಿದ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆಂದು ಆಹಾರಶಾಸ್ತ್ರ ಇಂದು ಹೇಳುತ್ತದೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಬರುವ ಬೆರಕೆ ಸೊಪ್ಪಿಗೆ ಕಾಸಿನ ಖರ್ಚೂ ಇಲ್ಲ. ಆರಿಸುವ ತಾಳ್ಮೆಯೊಂದು ಬೇಕು. ಆ ತಾಳ್ಮೆ ಹೆಂಗಸರೊಬ್ಬರಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಮನೆಯಲ್ಲಿ ಸೊಪ್ಪು ಸೋಸುವ ಕೆಲಸ ಈಗ ಯಜಮಾನರದು.

ಉಳಿದ ಉಪಾಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಣಸೆಹಣ್ಣು, ಒಣಮೆಣಸಿನಕಾಯಿಗಳನ್ನು ಸುಗ್ಗಿಯಲ್ಲಿಯೇ ವರ್ಷಕ್ಕಾಗುವಷ್ಟು ಕೊಳ್ಳುತ್ತೇನೆ. ಎಣ್ಣೆಯ ಡಬ್ಬಿಯ ಮೇಲೆ ತೆರೆದ ದಿನಾಂಕ ಬರೆದಿಡುತ್ತೇನೆ. ಬೇಗ ಖಾಲಿಯಾದರೆ ತಪ್ಪು ಎಲ್ಲಿ ಆಯಿತೆಂದು ತಿಳಿಯುತ್ತದೆ. ಸಂತೆಗೆ ಹೊಟ್ಟೆ ತುಂಬಿಕೊಂಡು ಹೋಗುತ್ತೇನೆ. ಅತ್ತೆಯವರ ಮಾತು ಅಲ್ಲಿಯೂ ನಿಜ. ಲೆಕ್ಕದ ಪುಟದ ಕೊನೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಆ ವಾರ ಕಾಳು, ಹಾಲು, ಮೊಟ್ಟೆ ಎಷ್ಟು ಸಲ ಸಂದಿತೆಂದು ಗೀಟು ಹಾಕುತ್ತೇನೆ. ನನ್ನ ಹೆಸರಿನ ಮುಂದೆ ಗೀಟು ಕಡಿಮೆಯಾದ ವಾರ ಖರ್ಚು ಎಷ್ಟು ಇಳಿದಿದ್ದರೂ ಅದನ್ನು ಉಳಿತಾಯವೆಂದು ಬರೆಯುವುದಿಲ್ಲ.

ಕಳೆದ ವರ್ಷ ಇದನ್ನು ನಮ್ಮ ಓಣಿಯ ಒಬ್ಬ ಹೆಣ್ಣುಮಗಳಿಗೆ ಹೇಳಿದೆ. ಕೂಲಿಗೆ ಹೋಗುವವಳು, ಇಬ್ಬರು ಮಕ್ಕಳು. "ಅಕ್ಕಾ, ನಂಗೆ ಬರಿಯಾಕೆ ಎಲ್ಲಿ ಬರ್ತೈತಿ?" ಎಂದಳು. ಹಾಗಾದರೆ ಹುಣಸೆಬೀಜ ಇಡು ಎಂದೆ. ಮಕ್ಕಳ ಕೈಗೆ ಅಂಗಡಿಗೆಂದು 10 ರೂಪಾಯಿ ಕೊಟ್ಟಾಗಲೆಲ್ಲ ಡಬ್ಬಿಗೆ ಒಂದು ಬೀಜ. ತಿಂಗಳ ಕೊನೆಗೆ ಡಬ್ಬಿ ತಂದು ನಮ್ಮ ಪಡಸಾಲೆಯಲ್ಲಿ ಸುರಿದಳು. ಇಬ್ಬರೂ ಕುಳಿತು ಹತ್ತು ಹತ್ತರ ಗುಂಪು ಮಾಡಿ ಎಣಿಸಿದೆವು. 92 ಬೀಜ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಮರುತಿಂಗಳು ತಂದಾಗ 40 ಇದ್ದವು. ಉಳಿದ 520 ರೂಪಾಯಿಯಲ್ಲಿ ಎರಡು ಕಿಲೋ ಹುರುಳಿ, ಒಂದು ಕಿಲೋ ಶೇಂಗಾ ತಂದಿದ್ದಳು, ಮಿಕ್ಕಿದ್ದಕ್ಕೆ ಮೊಟ್ಟೆ. ಮೊಟ್ಟೆ ಯಾರು ಯಾರು ತಿಂದಿರಿ ಎಂದು ಕೇಳಿದೆ. ಮಕ್ಕಳ ಹೆಸರು ಹೇಳಿದಳು, ಗಂಡನ ಹೆಸರಿಗೆ ನಾಚಿ "ಅವರು" ಎಂದಳು, ಆಮೇಲೆ ನನ್ನ ಮುಖ ನೋಡಿ ನಕ್ಕಳು. ನಾನು ಒಳಗೆ ಹೋಗಿ ಇನ್ನೊಂದು ಹಿಡಿ ಹುಣಸೆಬೀಜವನ್ನೂ ಬೇರೆಯ ಡಬ್ಬಿಯನ್ನೂ ತಂದು ಅವಳ ಕೈಗಿತ್ತೆ.