ವೈದ್ಯವಿದ್ಯೆ ಯಾರ ಸೊತ್ತು?

ಬೆಳಗಾವಿಯ ಅನಗೋಳಕ್ಕೆ ವೈದ್ಯಕೀಯ ಕಾಲೇಜು ದೂರವೇನಲ್ಲ. ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವು 1963ರಿಂದ ಈ ನಗರದಲ್ಲಿದೆ. ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇಲ್ಲಿಯೇ ಉಂಟು. ಆದರೆ ಉದ್ಯಮಬಾಗದ ಎರಕದ ಕಾರ್ಖಾನೆಯಲ್ಲಿ ದುಡಿಯುವವನ ಮಗಳಿಗೆ, ಖಾನಾಪುರದ ಕಾಡಂಚಿನ ಸಿದ್ದಿ ಹುಡುಗನಿಗೆ ಆ ಬಾಗಿಲು ಎಷ್ಟು ದೂರ? ಅದು ಮೈಲಿಗಳಿಂದ ಅಳೆಯುವ ದೂರವಲ್ಲ. ಮನೆತನದಲ್ಲಿ ಯಾರೂ ವೈದ್ಯರಾಗದಿದ್ದಾಗ, 'ಇದು ನಮ್ಮಂಥವರಿಗಲ್ಲ' ಎಂಬ ಭಾವನೆಯೇ ಮೊದಲ ಅಡ್ಡಗೋಡೆಯಾಗುತ್ತದೆ.

ಇಂಥವರೂ ವೈದ್ಯರಾಗಬೇಕೆಂಬುದು ಬರಿಯ ನ್ಯಾಯದ ಮಾತಲ್ಲ, ವಿಜ್ಞಾನದ ಮಾತೂ ಹೌದು. ರೋಗನಿದಾನವು ಪ್ರಾರಂಭವಾಗುವುದು ರೋಗಿಯ ಮಾತಿನಿಂದ. ಸಂಕೋಚದಿಂದ ಅವನು ನುಂಗಿಕೊಂಡ ಸಂಗತಿಗಳನ್ನೆಲ್ಲ ಯಂತ್ರಗಳು ಹೇಳಲಾರವು. ಅಮೆರಿಕದ ಓಕ್ಲೆಂಡ್ ನಗರದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ನೋಡೋಣ. ಕಪ್ಪು ಜನಾಂಗದ ಪುರುಷರಲ್ಲಿ ಕೆಲವರನ್ನು, ಚೀಟಿ ಎತ್ತಿದಂತೆ, ಅದೇ ಜನಾಂಗದ ವೈದ್ಯರ ಬಳಿಗೂ ಉಳಿದವರನ್ನು ಅನ್ಯ ವೈದ್ಯರ ಬಳಿಗೂ ಕಳುಹಿಸಲಾಯಿತು. ವೈದ್ಯರ ಭಾವಚಿತ್ರವನ್ನಷ್ಟೇ ಕಂಡಾಗ ಎರಡು ಗುಂಪುಗಳಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಮುಖಾಮುಖಿಯಾಗಿ ಮಾತನಾಡಿದ ಬಳಿಕ ಮೊದಲ ಗುಂಪಿನವರು ಮಧುಮೇಹ, ಕೊಲೆಸ್ಟರಾಲ್ ಮೊದಲಾದ ಪರೀಕ್ಷೆಗಳಿಗೆ ಹೆಚ್ಚಾಗಿ ಒಪ್ಪಿದರು. ರಕ್ತ ಕೊಡಬೇಕಾದ ಪರೀಕ್ಷೆಗಳಲ್ಲಿ ಈ ಅಂತರ ಎದ್ದು ಕಂಡಿತು. ನಂಬಿಕೆಯೂ ಚಿಕಿತ್ಸೆಯ ಒಂದು ಸಾಧನವೆಂದಾಯಿತು.

ಅಂಥ ವೈದ್ಯರು ಎಲ್ಲಿಂದ ಬರಬೇಕು? ಯಾರಾದರೊಬ್ಬರು ಮೊದಲಿಗರಾಗಲೇಬೇಕು. 1886ರಲ್ಲಿ ಪುದುಕೋಟೆಯಲ್ಲಿ ಜನಿಸಿದ ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿ ದೇವದಾಸಿ ಮನೆತನದವರು. ಮುತ್ತುಲಕ್ಷ್ಮಿ 1907ರಲ್ಲಿ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿ 1912ರಲ್ಲಿ ಪದವಿ ಪಡೆದರು. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದರು. ತಂಗಿಯನ್ನು ಬಲಿ ತೆಗೆದುಕೊಂಡ ಅರ್ಬುದರೋಗದ ಚಿಕಿತ್ಸೆಗಾಗಿ 1954ರಲ್ಲಿ ಅಡಯಾರಿನ ಕ್ಯಾನ್ಸರ್ ಸಂಸ್ಥೆಯನ್ನು ಆರಂಭಿಸಿದರು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ನಮ್ಮ ಜಿಲ್ಲೆಗೆ ಈ ಜೀವನವು ಹೇಳುವುದು ಬಹಳವಿದೆ. ತನ್ನವರ ನೋವನ್ನು ಒಳಗಿನಿಂದ ಬಲ್ಲವಳ ಕೈಗೆ ವಿದ್ಯೆ ದೊರೆತಾಗ ಫಲವೇನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ದಾರಿಯ ಮಾತು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ ನೀಟ್ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. 2017ರಿಂದ ಇದನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಬಹುದು. ಕರ್ನಾಟಕವು ಹಂಚುವ ಸರಕಾರಿ ಸ್ಥಾನಗಳಲ್ಲಿ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲುಂಟು. ಬೆಳಗಾವಿ ಜಿಲ್ಲೆಯ ಸಿದ್ದಿಗಳು 2020ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದಾರೆ. ಅರ್ಹತೆಯಿದ್ದರೂ ಪ್ರಮಾಣಪತ್ರವಿಲ್ಲದೆ ಈ ಸೌಲಭ್ಯ ದಕ್ಕದು. ಆದುದರಿಂದ ಅವನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಜಾಣತನ.

ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷದ ಆಸ್ಪತ್ರೆಯ ತರಬೇತಿ. ಗ್ರಂಥಗಳು ಇಂಗ್ಲಿಷಿನವು, ಮೊದಲ ವರ್ಷ ಕಠಿನವೆನಿಸಬಹುದು. ಆದರೆ ಭಾಷೆಯನ್ನು ಕಲಿಯಬಹುದು. ಖಾನಾಪುರದ ಮುದುಕಿಯೊಬ್ಬಳು 'ಹೊಟ್ಟ್ಯಾಗ ಸಂಕಟ ಆಗತೈತಿ' ಎಂದಾಗ ಅದರ ಅರ್ಥವನ್ನು ಬಲ್ಲ ವಿದ್ಯಾರ್ಥಿಗೆ ಪಾಠದ ಒಂದು ಭಾಗ ಈಗಾಗಲೇ ಬಂದಿದೆ. ಉಳಿದುದನ್ನು ಕಾಲೇಜು ಕಲಿಸಲಿ.