ಎಂ.ಎಸ್ಸಿ. ಮುಗಿಯಿತು, ಪಿಎಚ್.ಡಿ. ಮಾಡಬೇಕೇ?

ಕಳೆದ ಶಾಬಾನ್ ತಿಂಗಳ ಒಂದು ಸಂಜೆ ನಮ್ಮ ಮನೆಗೆ ತಾಯಿ ಮತ್ತು ಮಗಳು ಬಂದಿದ್ದರು. ಮಗಳು ಚಿಕ್ಕವಳಿದ್ದಾಗ ಮದ್ರಸದಲ್ಲಿ ನನ್ನ ಬಳಿ ಕಲಿತವಳು. ಈಗ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಚಹಾ ಮುಗಿಯುವ ಮೊದಲೇ ತಾಯಿ ವಿಷಯಕ್ಕೆ ಬಂದರು.

“ಟೀಚರ್, ಇವಳು ಇನ್ನೂ ಐದು ವರ್ಷ ಓದುತ್ತಾಳಂತೆ. ಒಳ್ಳೆಯ ಮನೆಯಿಂದ ಸಂಬಂಧ ಬಂದಿದೆ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ.”

ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಅವಳಿಗೂ ನನ್ನಿಂದ ಒಂದು ಮಾತು ಬೇಕಿತ್ತು. ಆದರೆ ಅದು ತಾಯಿ ಬಯಸಿದ ಮಾತಾಗಿರಲಿಲ್ಲ.

ನಾನು ಕಲಿತದ್ದು ಮದ್ರಸದಲ್ಲಿ. ಆ ಬಳಿಕ ಅಂಚೆ ಶಿಕ್ಷಣದ ಮೂಲಕ ಬಿ.ಎ. ಮಾಡಿದೆ. ವಿಜ್ಞಾನದ ಪ್ರಯೋಗಶಾಲೆಗೆ ಕಾಲಿಟ್ಟವಳಲ್ಲ. ಆದ್ದರಿಂದ ಅಂದು ತೀರ್ಪು ಕೊಡದೆ ಒಂದು ವಾರದ ಸಮಯ ಕೇಳಿದೆ. ಪಿಎಚ್.ಡಿ. ಮುಗಿಸಿದ ಒಬ್ಬರನ್ನು, ಅರ್ಧದಲ್ಲಿ ಬಿಟ್ಟ ಒಬ್ಬರನ್ನು, ಕಾಲೇಜಿನಲ್ಲಿ ಪಾಠ ಮಾಡುವ ಇಬ್ಬರನ್ನು ಮಾತನಾಡಿಸಿದೆ. ಇಂತಹ ಚರ್ಚೆ ಇಂದು ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಯಾತಕ್ಕಾಗಿ ಈ ಪದವಿ?

ಮೊತ್ತಮೊದಲು ಕೇಳಬೇಕಾದ ಪ್ರಶ್ನೆ ಇದು. ಕಾಲೇಜಿನಲ್ಲಿ ಪಾಠ ಮಾಡುವುದಷ್ಟೇ ಗುರಿಯಾಗಿದ್ದರೆ ನೆಟ್ ಅಥವಾ ಕೆಸೆಟ್ ಪರೀಕ್ಷೆ ಪಾಸಾದರೆ ಅರ್ಹತೆ ದೊರೆಯುತ್ತದೆ. ವಿಶ್ವವಿದ್ಯಾನಿಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಕಡ್ಡಾಯ ಎಂದು 2018ರಲ್ಲಿ ಯು.ಜಿ.ಸಿ. ನಿಯಮ ಮಾಡಿತ್ತು. ಅದು ಮುಂದೂಡಲ್ಪಟ್ಟು, 2023ರ ಜುಲೈಯಲ್ಲಿ ಆ ಕಡ್ಡಾಯವನ್ನೇ ತೆಗೆಯಲಾಯಿತು. ಶಾಲಾ ಶಿಕ್ಷಕಿಯಾಗಲು ಬಿ.ಎಡ್. ದಾರಿ ಇದೆ. ಇವು ಯಾವುವೂ ಕೀಳಲ್ಲ.

ಪಿಎಚ್.ಡಿ. ಎಂದರೆ ಎಂ.ಎಸ್ಸಿ.ಯ ಮುಂದಿನ ತರಗತಿಯಲ್ಲ. ತರಗತಿಯ ಪ್ರಯೋಗದಲ್ಲಿ ಏನು ಬರಬೇಕೆಂದು ಪುಸ್ತಕದಲ್ಲಿ ಮೊದಲೇ ಬರೆದಿರುತ್ತದೆ. ಸಂಶೋಧನೆಯಲ್ಲಿ ಉತ್ತರ ಗೈಡ್‌ಗೂ ತಿಳಿದಿರುವುದಿಲ್ಲ. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದು ದಿನ ವ್ಯರ್ಥವೆಂದು ಗೊತ್ತಾಗಬಹುದು. ಮರುದಿನ ಮತ್ತೆ ಆರಂಭಿಸಬೇಕು. ಅರ್ಧದಲ್ಲಿ ಬಿಟ್ಟ ಸಹೋದರಿ ಹೇಳಿದ ಮಾತು ನೆನಪಿಡುವಂಥದ್ದು: “ನನಗೆ ಒಳ್ಳೆಯ ಅಂಕ ಬಂದಿತ್ತು. ಎಲ್ಲರೂ ಮಾಡು ಎಂದರು, ಸೇರಿದೆ. ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿಯೇ ಇಲ್ಲವೆಂದು ಎರಡು ವರ್ಷದ ಬಳಿಕ ತಿಳಿಯಿತು.” ಆಕೆ ಈಗ ನೆಮ್ಮದಿಯಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾರೆ. ಅಂಕ ಒಳ್ಳೆಯದಿದೆ ಎಂಬುದು ಮಾತ್ರ ಕಾರಣವಾಗಬಾರದು.

ಹಣ ಮತ್ತು ಸಮಯ

ಯು.ಜಿ.ಸಿ.ಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು. ಪ್ರಯೋಗ ಮಾಡುವ ವಿಷಯಗಳಲ್ಲಿ ಸಾಮಾನ್ಯವಾಗಿ ಐದು ವರ್ಷ ಹಿಡಿಯುತ್ತದೆ. ಇಷ್ಟು ಕಾಲ ತಂದೆಯ ಜೇಬನ್ನು ನಂಬುವುದು ಕಷ್ಟ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ಸಿಗುತ್ತದೆ. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ವಯೋಮಿತಿಯಲ್ಲಿ ಮಹಿಳೆಯರಿಗೆ ಐದು ವರ್ಷಗಳ ರಿಯಾಯಿತಿಯಿದೆ.

ಹಿಂದೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಮೌಲಾನಾ ಆಝಾದ್ ಫೆಲೋಶಿಪ್ ಇತ್ತು. ಕೇಂದ್ರ ಸರಕಾರ ಅದನ್ನು 2022-23ರಿಂದ ನಿಲ್ಲಿಸಿತು. ಅಕ್ಕನಿಗೆ ಸಿಕ್ಕಿತ್ತು, ತಂಗಿಗೂ ಸಿಗುತ್ತದೆ ಎಂದು ಯಾರೂ ಲೆಕ್ಕ ಹಾಕಬಾರದು. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಸ್ವಲ್ಪ ಉಳಿತಾಯ ಕೈಯಲ್ಲಿರಬೇಕು.

ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಪಿಎಚ್.ಡಿ. ಪಡೆಯಿರಿ ಎಂಬ ಜಾಹೀರಾತುಗಳಿಗೆ ಮರುಳಾಗದಿರಿ. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ನಡೆಯುವ ಇಂತಹ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು 2022ರ ಅಕ್ಟೋಬರಿನಲ್ಲಿ ಯು.ಜಿ.ಸಿ. ಎಚ್ಚರಿಸಿದೆ.

ಗೈಡ್ ಆಯ್ಕೆ

ಪಿಎಚ್.ಡಿ. ಮುಗಿಸಿದವರು ಒತ್ತಿ ಹೇಳಿದ್ದು ಒಂದೇ ಮಾತು. ವಿಶ್ವವಿದ್ಯಾನಿಲಯದ ಹೆಸರಿಗಿಂತ ಗೈಡ್ ಮುಖ್ಯ. ಸೇರುವ ಮೊದಲು ಅವರ ಹಳೆಯ ವಿದ್ಯಾರ್ಥಿನಿಯರನ್ನು ಭೇಟಿಯಾಗಿ. ಎಷ್ಟು ಮಂದಿ ಮುಗಿಸಿದರು, ಎಷ್ಟು ವರ್ಷದಲ್ಲಿ, ಈಗ ಎಲ್ಲಿದ್ದಾರೆ, ಪ್ರಯೋಗಶಾಲೆಯಿಂದ ರಾತ್ರಿ ಹೇಗೆ ಮರಳುತ್ತಿದ್ದರು ಎಂದು ಕೇಳಿ. ಮಗಳಿಗೆ ಸಂಬಂಧ ನೋಡುವಾಗ ಎಷ್ಟೊಂದು ವಿಚಾರಿಸುತ್ತೇವೆ! ಐದು ವರ್ಷ ಯಾರ ಕೈಕೆಳಗೆ ಕೆಲಸ ಮಾಡಬೇಕೋ ಅವರ ಬಗ್ಗೆಯೂ ಅಷ್ಟೇ ವಿಚಾರಿಸಬೇಡವೇ?

ಮದುವೆಯ ಪ್ರಶ್ನೆ

ಮದುವೆ ಮತ್ತು ಸಂಶೋಧನೆ ಒಟ್ಟಿಗೆ ಸಾಗುವುದಿಲ್ಲ ಎಂಬ ಭಯ ತಾಯಂದಿರಲ್ಲಿದೆ. ಸುಲಭವೆಂದು ನಾನು ಹೇಳಲಾರೆ. ಆದರೆ 2022ರ ನಿಯಮದಲ್ಲಿ ಸಂಶೋಧನೆ ಮಾಡುವ ಮಹಿಳೆಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ. ಅವಧಿಯನ್ನೂ ಎಲ್ಲ ವಿಸ್ತರಣೆಗಳು ಸೇರಿ ಹತ್ತು ವರ್ಷದವರೆಗೆ ಕೊಂಡೊಯ್ಯಬಹುದು. ಉದ್ಯೋಗದಲ್ಲಿರುವವರು ಅರೆಕಾಲಿಕವಾಗಿಯೂ ಮಾಡಬಹುದು. ನಿಯಮ ದಾರಿ ಕೊಡುತ್ತದೆ, ಸಮಯ ಕೊಡಬೇಕಾದವರು ಮನೆಯವರು. ಆದ್ದರಿಂದ ನಿಕಾಹ್‌ಗೆ ಮೊದಲೇ ಹುಡುಗನ ಮನೆಯವರಲ್ಲಿ ಬಿಚ್ಚಿ ಮಾತನಾಡಬೇಕು. ‘ಮದುವೆಯಾದ ಮೇಲೆ ನೋಡೋಣ’ ಎಂಬುದು ಉತ್ತರವಲ್ಲ.

ಹಿಂದಿನವರ ಕಷ್ಟ ಇದಕ್ಕಿಂತ ದೊಡ್ಡದಿತ್ತು. 1933ರಲ್ಲಿ ಕಮಲಾ ಸೊಹೊನಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಪಡೆದರು. ವಿವಾಹದ ಬಳಿಕವೂ ಮುಂಬಯಿಯಲ್ಲಿ ಅಧ್ಯಾಪನ, ಸಂಶೋಧನೆ ಮುಂದುವರಿಸಿದರು.

ಒಂದು ವಾರದ ಬಳಿಕ

ತಾಯಿ-ಮಗಳು ಮತ್ತೆ ಬಂದರು. ನಾನು ಮಗಳಲ್ಲಿ ಒಂದೇ ಪ್ರಶ್ನೆ ಕೇಳಿದೆ: “ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಏನು ಮಾಡಿದೆ?” ಅವಳು ಹೇಳತೊಡಗಿದಳು. ಪ್ರಯೋಗ ಮೂರು ಸಲ ಕೆಟ್ಟದ್ದು, ತಪ್ಪು ಎಲ್ಲಿದೆಯೆಂದು ರಾತ್ರಿ ನಿದ್ದೆಯಿಲ್ಲದೆ ಯೋಚಿಸಿದ್ದು, ನಾಲ್ಕನೆಯ ಸಲ ಬಂದ ಬಿಳಿ ಪುಡಿಯನ್ನು ನೋಡಿ ಕಣ್ಣು ತುಂಬಿದ್ದು. ತಾಯಿ ಮಗಳ ಮುಖವನ್ನೇ ನೋಡುತ್ತಿದ್ದರು. ಮಗಳು ಪ್ರಯೋಗಶಾಲೆಯಲ್ಲಿ ಏನು ಮಾಡುತ್ತಾಳೆಂದು ಅವರು ಅಂದಿನವರೆಗೆ ಕೇಳಿರಲೇ ಇಲ್ಲ.

ಆಗ ನಾನು ನನ್ನ ಕಥೆ ಹೇಳಿದೆ. ಬಿ.ಎ. ಆದ ಮೇಲೆ ನನಗೆ ಎಂ.ಎ. ಮಾಡುವ ಆಸೆಯಿತ್ತು. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಏಕೆಂದರೆ ನಾನು ಕೇಳಲೇ ಇಲ್ಲ. ಬೇಡವೆನ್ನುತ್ತಾರೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

“ಇಸ್ತಿಖಾರಾ ಮಾಡುತ್ತೇನೆ” ಎಂದರು ತಾಯಿ. “ಖಂಡಿತ ಮಾಡಿ, ಜೊತೆಗೆ ಮಗಳೊಂದಿಗೆ ಕುಳಿತು ಸಮಾಲೋಚನೆಯನ್ನೂ ಮಾಡಿ” ಎಂದೆ.

ಅವರು ಹುಡುಗನ ಮನೆಯವರಿಗೆ ವಿಷಯ ತಿಳಿಸಿದರು. ಅವರು ಹದಿನೈದು ದಿನ ಯೋಚಿಸಿ ಬೇಡವೆಂದರು. ತಾಯಿಗೆ ನೋವಾಯಿತು, ಕೆಲವು ದಿನ ನನ್ನಲ್ಲೂ ಮಾತನಾಡಲಿಲ್ಲ. ಹುಡುಗಿ ನೆಟ್ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ಪಾಸಾಗುತ್ತಾಳೋ, ಒಳ್ಳೆಯ ಗೈಡ್ ಸಿಗುತ್ತಾರೋ, ಅಲ್ಲಾಹನೇ ಬಲ್ಲ.

ಮೊನ್ನೆ ಸುಬ್‌ಹ್ ನಮಾಝಿನ ಬಳಿಕ ಫೋನ್ ರಿಂಗಾಯಿತು. ತಾಯಿಯೇ ಮಾತನಾಡಿದರು.

“ಟೀಚರ್, ಅವಳ ಪರೀಕ್ಷೆಗೆ ದುಆ ಮಾಡಿ. ಅವಳು ರಾತ್ರಿಯಿಡೀ ಓದುತ್ತಾಳೆ, ನಾನು ಚಹಾ ಮಾಡಿ ಕೊಡುತ್ತಿದ್ದೇನೆ.”